ವಿಡಿಯೊ ನಿರ್ಮಾಣವೋ, ಚಿತ್ರಕಥೆಯೋ: ಸಂವಹನ ಪದವಿ ಆರಿಸಿಕೊಳ್ಳುವವರಿಗೊಂದು ಹೋಲಿಕೆ

ಪಿಯುಸಿ ಫಲಿತಾಂಶ ಬಂದ ಮೇಲೆ ಸಿನಿಮಾ, ಟಿವಿ ಅಥವಾ ವೆಬ್ ಸರಣಿಗಳ ಕಡೆಗೆ ಒಲವಿರುವ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಯಾವ ಕಾಲೇಜು ಒಳ್ಳೆಯದು ಎಂಬುದು. ಅದಕ್ಕೆ ಉತ್ತರಿಸುವ ಮೊದಲು ಇನ್ನೊಂದು ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳಬೇಕಾಗುತ್ತದೆ: ಮಗ ಅಥವಾ ಮಗಳಿಗೆ ಕ್ಯಾಮೆರಾ, ಬೆಳಕು, ಧ್ವನಿ, ಸಂಕಲನಗಳಲ್ಲಿ ಆಸಕ್ತಿಯಿದೆಯೇ ಅಥವಾ ಬರವಣಿಗೆಯಲ್ಲಿಯೇ? ಸಂವಹನ ವಿಭಾಗಗಳ ಪಠ್ಯಕ್ರಮದಲ್ಲಿ ವಿಡಿಯೊ ನಿರ್ಮಾಣ ಮತ್ತು ಚಿತ್ರಕಥಾ ರಚನೆ ಅಕ್ಕಪಕ್ಕದಲ್ಲೇ ಅಚ್ಚಾಗಿರುತ್ತವೆಯಾದರೂ ಇವೆರಡನ್ನೂ ಕಲಿಯಲು ಬೇಕಾದ ಸೌಕರ್ಯಗಳು ಬೇರೆ ಬೇರೆ. ನಿರ್ಮಾಣ ಕಲಿಯುವವರಿಗೆ ಉಪಕರಣವೂ, ಜೊತೆಗೆ ದುಡಿಯುವ ತಂಡವೂ, ತಪ್ಪು ಮಾಡಿ ಮತ್ತೆ ಚಿತ್ರೀಕರಿಸುವಷ್ಟು ಸಮಯವೂ ಬೇಕು. ಬರೆಯುವವರಿಗೆ ತಮ್ಮ ಹಸ್ತಪ್ರತಿಯನ್ನು ಸಾಲು ಸಾಲಾಗಿ ಓದಿ, ಗುರುತು ಹಾಕಿ ಹಿಂದಿರುಗಿಸುವ ಒಬ್ಬ ಅಧ್ಯಾಪಕರು ಬೇಕು. ಕಾಲೇಜುಗಳನ್ನು ಹೋಲಿಸುವಾಗ ಈ ವ್ಯತ್ಯಾಸವನ್ನು ಮರೆತರೆ, ಬರೆಯಬೇಕಾದವರು ಸ್ಟುಡಿಯೊದ ಹೊಳಪಿಗೆ ಮಾರುಹೋಗಿ ದುಬಾರಿ ಶುಲ್ಕ ಕಟ್ಟುತ್ತಾರೆ. ಕ್ಯಾಮೆರಾ ಹಿಡಿಯಬೇಕಾದವರು ಮೂರು ವರ್ಷ ಟಿಪ್ಪಣಿ ಬರೆದುಕೊಂಡು ಹೊರಬರುತ್ತಾರೆ.

ಪದವಿಯ ಹಂತದಲ್ಲಿರುವ ದಾರಿಗಳು

ಮೊದಲನೆಯದು ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಬಿ.ಎ. ಪದವಿ. ಇಲ್ಲಿ ಪತ್ರಿಕೋದ್ಯಮವನ್ನು ಐಚ್ಛಿಕ ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ ಮುಂತಾದ ವಿಷಯಗಳ ಜೊತೆಗೆ ಓದಲಾಗುತ್ತದೆ. ಕರ್ನಾಟಕ ಸರ್ಕಾರ 2024-25ರಿಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆಯಾದ್ದರಿಂದ, ಹಿರಿಯ ವಿದ್ಯಾರ್ಥಿಗಳು ಹೇಳುವ ವಿಷಯ ಸಂಯೋಜನೆಯೂ ಈಗ ಸೇರುವವರಿಗೆ ಸಿಗುವ ಸಂಯೋಜನೆಯೂ ಒಂದೇ ಆಗಿರಬೇಕೆಂದಿಲ್ಲ. ಹೊಸ ಪಠ್ಯಕ್ರಮವನ್ನೇ ಕೇಳಿ ಪಡೆಯಬೇಕು. ಈ ಪದವಿಯ ಒತ್ತು ವರದಿಗಾರಿಕೆ, ಪತ್ರಿಕಾ ಸಂಪಾದನೆ, ಮಾಧ್ಯಮ ಕಾನೂನು ಮತ್ತು ಪತ್ರಿಕೋದ್ಯಮದ ಇತಿಹಾಸದ ಮೇಲೆ. ವಿಡಿಯೊಗೆ ಒಂದೆರಡು ಪತ್ರಿಕೆಗಳು (ಪೇಪರ್‌ಗಳು) ಸಿಕ್ಕರೆ ಹೆಚ್ಚು. ನಿರ್ಮಾಣ ಕಲಿಯಬೇಕೆನ್ನುವವರಿಗೆ ಇದು ಸಾಲದು. ಆದರೆ ಶುಲ್ಕ ಕಡಿಮೆ, ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು, ಪಕ್ಕದ ತರಗತಿಯಲ್ಲಿ ಪಂಪನಿಂದ ಹಿಡಿದು ನವ್ಯ ಕಥೆಗಳವರೆಗೆ ಓದಿಸುವ ಕನ್ನಡ ಅಧ್ಯಾಪಕರಿರುತ್ತಾರೆ. ಚಿತ್ರಕಥೆ ಬರೆಯಬೇಕೆನ್ನುವ ವಿದ್ಯಾರ್ಥಿಗೆ ಐಚ್ಛಿಕ ಕನ್ನಡ ಮತ್ತು ಪತ್ರಿಕೋದ್ಯಮದ ಜೋಡಿ, ಹೊರಗಿನಿಂದ ಕಾಣುವುದಕ್ಕಿಂತ ಬಹಳ ಗಟ್ಟಿಯಾದ ಬುನಾದಿ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಖಾಸಗಿ, ಸ್ವಾಯತ್ತ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಮಾಧ್ಯಮ ಪದವಿಗಳು. ವಿಷುವಲ್ ಕಮ್ಯುನಿಕೇಷನ್, ಮೀಡಿಯಾ ಅಂಡ್ ಕಮ್ಯುನಿಕೇಷನ್ ಎಂದು ಹೆಸರು ಬದಲಾದರೂ ತಿರುಳು ಹತ್ತಿರ ಹತ್ತಿರ ಒಂದೇ. ಬೆಂಗಳೂರು, ಮಂಗಳೂರಿನ ಹಲವು ಕಾಲೇಜುಗಳಲ್ಲೂ, 1997ರಲ್ಲಿ ಆರಂಭವಾದ ಮಣಿಪಾಲದ ಸಂವಹನ ಸಂಸ್ಥೆಯಲ್ಲೂ ಸ್ಟುಡಿಯೊ, ಎಡಿಟಿಂಗ್ ಲ್ಯಾಬ್ ಮತ್ತು ಕ್ಯಾಮೆರಾಗಳನ್ನಿಟ್ಟುಕೊಂಡು ಪಾಠ ನಡೆಯುತ್ತದೆ. ಶುಲ್ಕ ಮೊದಲ ದಾರಿಯ ಹಲವು ಪಟ್ಟು. ಬೋಧನೆಯ ಭಾಷೆ ಬಹುತೇಕ ಇಂಗ್ಲಿಷ್. ಕನ್ನಡದಲ್ಲಿ ಬರೆಯಲು ಬಯಸುವವರು ಇಲ್ಲಿ ಒಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು: ಅಂತಿಮ ವರ್ಷದ ಚಿತ್ರಕಥೆಯನ್ನು ಕನ್ನಡದಲ್ಲಿ ಒಪ್ಪಿಸಬಹುದೇ, ಒಪ್ಪಿಸಿದರೆ ಅದನ್ನು ಓದಿ ಅಂಕ ಕೊಡಬಲ್ಲ ಅಧ್ಯಾಪಕರು ವಿಭಾಗದಲ್ಲಿದ್ದಾರೆಯೇ? ಹಾವೇರಿಯ ಮನೆಯೊಂದರ ಜಗಳವನ್ನು ಇಂಗ್ಲಿಷಿನಲ್ಲಿ ಬರೆದು, ಚಿತ್ರೀಕರಣದ ದಿನ ನಟರಿಂದಲೇ ಕನ್ನಡ ಮಾಡಿಸಿಕೊಳ್ಳುವ ಅಭ್ಯಾಸ ಮೂರು ವರ್ಷ ಮುಂದುವರಿದರೆ ಸಂಭಾಷಣೆ ಬರೆಯುವ ಕಿವಿಯೇ ಮಂದವಾಗುತ್ತದೆ.

ಇವೆರಡರ ನಡುವೆ ಬಿ.ವೋಕ್ (ಬ್ಯಾಚುಲರ್ ಆಫ್ ವೊಕೇಷನ್) ಎಂಬ ವೃತ್ತಿಪರ ಪದವಿಯಿದೆ. 2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ರೂಪಿಸಿದ ಈ ಯೋಜನೆಯಲ್ಲಿ ಪಠ್ಯದ ಶೇ. 60ರಷ್ಟು ಕೌಶಲಕ್ಕೂ ಶೇ. 40ರಷ್ಟು ಸಾಮಾನ್ಯ ಶಿಕ್ಷಣಕ್ಕೂ ಮೀಸಲು. ಉಜಿರೆಯ ಎಸ್‌ಡಿಎಂ ಕಾಲೇಜು ಡಿಜಿಟಲ್ ಮೀಡಿಯಾ ಮತ್ತು ಫಿಲ್ಮ್ ಮೇಕಿಂಗ್‌ನಲ್ಲಿ ಈ ಪದವಿಯನ್ನು ತೆರೆದದ್ದು, ಬೆಂಗಳೂರಿಗೆ ಬಂದು ಬಾಡಿಗೆ ಕೊಟ್ಟು ಓದಲಾಗದ ಕರಾವಳಿ, ಮಲೆನಾಡಿನ ವಿದ್ಯಾರ್ಥಿಗಳಿಗೆ ಅನುಕೂಲವಾದ ಬೆಳವಣಿಗೆ. ಬಿ.ವೋಕ್ ಓದಿದವರು ಮುಂದೆ ಸೇರಬೇಕೆಂದಿರುವ ಸ್ನಾತಕೋತ್ತರ ವಿಭಾಗದ ಅರ್ಹತಾ ನಿಯಮದಲ್ಲಿ ಈ ಪದವಿಯ ಹೆಸರಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಕ್ಷೇಮ.

ಮೂರನೆಯ ದಾರಿ ಸಂವಹನ ವಿಭಾಗದ ಹೊರಗಿನದು, ಆದರೂ ಹೋಲಿಕೆಯಲ್ಲಿ ಬಿಡುವಂತಿಲ್ಲ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಪಾಲಿಟೆಕ್ನಿಕ್ ಮಾದರಿಯಲ್ಲಿ ಛಾಯಾಗ್ರಹಣ ಮತ್ತು ಧ್ವನಿಗ್ರಹಣದ ಮೂರು ವರ್ಷದ ಡಿಪ್ಲೊಮಾ ನೀಡುತ್ತದೆ. ಇದರ ಬೇರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿದೆ. ಹಿಂದಿ ಚಿತ್ರರಂಗದ ಕಪ್ಪುಬಿಳುಪು ಯುಗಕ್ಕೆ ಬೆಳಕಿನ ಹೊಸ ವ್ಯಾಕರಣ ಕೊಟ್ಟು, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೈಸೂರಿನ ವಿ.ಕೆ. ಮೂರ್ತಿಯವರೂ, ನಿರ್ದೇಶಕರಾಗಿ ಹೆಸರಾಗುವ ಮೊದಲು ಛಾಯಾಗ್ರಾಹಕರಾಗಿದ್ದ ಗೋವಿಂದ ನಿಹಲಾನಿಯವರೂ ಛಾಯಾಗ್ರಹಣ ಕಲಿತದ್ದು ಅಲ್ಲಿಯೇ. ಕೇವಲ ಕ್ಯಾಮೆರಾ ಅಥವಾ ಧ್ವನಿ ಬೇಕೆನ್ನುವವರಿಗೆ ಸರ್ಕಾರಿ ಶುಲ್ಕದಲ್ಲಿ ಇಷ್ಟು ನೇರವಾದ ದಾರಿ ರಾಜ್ಯದಲ್ಲಿ ಬೇರೆ ಸಿಗುವುದು ಕಷ್ಟ. ಆದರೆ ಸಿಗುವುದು ಡಿಪ್ಲೊಮಾ, ಪದವಿ ಅಲ್ಲ. ಚಿತ್ರಕಥೆ ಅಲ್ಲಿಯ ಮುಖ್ಯ ವಿಷಯವೂ ಅಲ್ಲ.

ವಿಡಿಯೊ ನಿರ್ಮಾಣಕ್ಕಾಗಿ ಸೇರುವವರು ನೋಡಬೇಕಾದದ್ದು

ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗಿರುವ ಕ್ಯಾಮೆರಾಗಳ ಪಟ್ಟಿಯನ್ನು ನಂಬಿ ತೀರ್ಮಾನಿಸುವುದು ಸರಿಯಲ್ಲ. ಕ್ಯಾಮೆರಾ ಕಪಾಟಿನಲ್ಲಿದೆಯೇ, ವಿದ್ಯಾರ್ಥಿಗಳ ಕೈಯಲ್ಲಿದೆಯೇ ಎಂಬುದನ್ನು ಹೇಳುವುದು ಉಪಕರಣಗಳನ್ನು ಕೊಟ್ಟು ಪಡೆಯುವ ರಿಜಿಸ್ಟರು. ಯಾವ ದಿನ ಯಾರು ಒಯ್ದರು, ಎಷ್ಟು ಹೊತ್ತಿಗೆ ಹಿಂದಿರುಗಿಸಿದರು, ವಾರಾಂತ್ಯದಲ್ಲಿ ಕ್ಯಾಂಪಸ್ಸಿನಿಂದ ಹೊರಗೆ ಒಯ್ಯಲು ಬಿಡುತ್ತಾರೆಯೇ ಎಂಬುದನ್ನು ಎರಡನೆಯ ವರ್ಷದ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಹೇಳಿಯಾರು. ನಲವತ್ತು ಜನರ ತರಗತಿಗೆ ನಾಲ್ಕು ಕ್ಯಾಮೆರಾಗಳಿದ್ದರೆ ಒಂದು ತಂಡದಲ್ಲಿ ಹತ್ತು ಮಂದಿ. ಅದರಲ್ಲಿ ಧೈರ್ಯಸ್ಥನೊಬ್ಬ ಕ್ಯಾಮೆರಾ ಹಿಡಿಯುತ್ತಾನೆ, ಇನ್ನೊಬ್ಬ ಎಡಿಟ್ ಮಾಡುತ್ತಾನೆ, ಉಳಿದವರು ರಿಫ್ಲೆಕ್ಟರ್ ಹಿಡಿದು ನಿಂತು ಅಂಕ ಪಡೆಯುತ್ತಾರೆ. ಹೆಣ್ಣುಮಕ್ಕಳನ್ನು ಆಂಕರಿಂಗ್‌ಗೆ ಕಳಿಸಿ ಕ್ಯಾಮೆರಾವನ್ನು ಹುಡುಗರಿಗೆ ಬಿಡುವ ರೂಢಿ ಇನ್ನೂ ಕೆಲವೆಡೆ ಇರುವುದರಿಂದ, ತಂಡದೊಳಗಿನ ಪಾತ್ರಗಳನ್ನು ಸರದಿಯ ಮೇಲೆ ಬದಲಿಸುವ ನಿಯಮವಿದೆಯೇ ಎಂದು ಹೆಣ್ಣುಮಕ್ಕಳ ತಂದೆತಾಯಿಯರು ವಿಶೇಷವಾಗಿ ವಿಚಾರಿಸಬೇಕು.

ಪಠ್ಯಕ್ರಮದಲ್ಲಿ ಕ್ರೆಡಿಟ್‌ಗಳ ಲೆಕ್ಕವೂ ಬಹಳಷ್ಟನ್ನು ಹೇಳುತ್ತದೆ. ಸಾಮಾನ್ಯ ಲೆಕ್ಕದಂತೆ ಸಿದ್ಧಾಂತ ಪಾಠದ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ, ಪ್ರಾಯೋಗಿಕದ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಎರಡು ಗಂಟೆ. ‘ವಿಡಿಯೊ ನಿರ್ಮಾಣ’ ಎಂಬ ಪತ್ರಿಕೆಗೆ ನಾಲ್ಕು ಸಿದ್ಧಾಂತದ ಕ್ರೆಡಿಟ್‌ಗಳಿದ್ದು ಪ್ರಾಯೋಗಿಕಕ್ಕೆ ಏನೂ ಇಲ್ಲದಿದ್ದರೆ, ಕ್ಯಾಮೆರಾದ ಭಾಗಗಳ ಚಿತ್ರ ಬರೆದು ಹೆಸರು ಗುರುತಿಸುವ ಪರೀಕ್ಷೆಗೆ ಅಲ್ಲಿ ಸಿದ್ಧರಾಗಿರಬೇಕು.

ಪ್ರಾಯೋಗಿಕ ಪಾಠ ಎಂದರೇನೆಂಬುದಕ್ಕೆ ಒಂದು ಉದಾಹರಣೆ ಕೊಡಬಹುದು. ಹಳೆಯ ಟ್ಯೂಬ್‌ಲೈಟ್ ಇರುವ ತರಗತಿಯಲ್ಲಿ ಸೆಕೆಂಡಿಗೆ 30 ಫ್ರೇಮ್, 1/60ರ ಶಟರ್ (ಅಂದರೆ ಪ್ರತಿ ಫ್ರೇಮಿಗೂ ಸೆಕೆಂಡಿನ ಅರವತ್ತನೇ ಒಂದು ಭಾಗದಷ್ಟು ಹೊತ್ತು ಬೆಳಕು) ಇಟ್ಟು ಸಂದರ್ಶನ ಚಿತ್ರೀಕರಿಸಿದರೆ ದೃಶ್ಯದಲ್ಲಿ ಬೆಳಕು ಅಲೆಯಲೆಯಾಗಿ ಮಿನುಗುತ್ತದೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಜ್‌ನದು. ದೀಪ ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತದೆ. ಶಟರನ್ನು 1/50ಕ್ಕೆ ಇಟ್ಟರೆ ಪ್ರತಿ ಫ್ರೇಮಿಗೂ ಸಮಾನ ಬೆಳಕು ಸಿಕ್ಕಿ ಮಿನುಗು ನಿಲ್ಲುತ್ತದೆ. ಪುಸ್ತಕದಲ್ಲಿ ಇದು ಎರಡು ಸಾಲು. ತಾನೇ ಚಿತ್ರೀಕರಿಸಿದ ಸಂದರ್ಶನ ಎಡಿಟಿಂಗ್ ಟೇಬಲ್ಲಿನ ಮೇಲೆ ಮಿನುಗುವುದನ್ನು ಕಂಡು ಮತ್ತೆ ಹೋಗಿ ಚಿತ್ರೀಕರಿಸಿದವರು ಆ ಎರಡು ಸಾಲನ್ನು ಜೀವಮಾನದಲ್ಲಿ ಮರೆಯುವುದಿಲ್ಲ. ಹೀಗೆ ‘ಮತ್ತೆ ಹೋಗಿ’ ಚಿತ್ರೀಕರಿಸಲು ಅವಕಾಶ ಕೊಡುವ ವೇಳಾಪಟ್ಟಿ ಇದೆಯೇ ಎಂಬುದೇ ಕಾಲೇಜಿನ ಗುಣಮಟ್ಟದ ಅಳತೆ.

ಧ್ವನಿಯ ವಿಷಯದಲ್ಲಿ ಕಾಲೇಜುಗಳ ನಡುವಿನ ಅಂತರ ಇನ್ನೂ ಬೇಗ ಗೊತ್ತಾಗುತ್ತದೆ. ಕ್ಯಾಮೆರಾಗೆ ಲಕ್ಷಗಟ್ಟಲೆ ಸುರಿದು ಮೈಕಿಗೆ ಹಣ ಬಿಡುಗಡೆ ಮಾಡದ ವಿಭಾಗಗಳ ಕಿರುಚಿತ್ರಗಳಲ್ಲಿ ಮಾತಿಗಿಂತ ಫ್ಯಾನಿನ ಸದ್ದು ಮುಂದಿರುತ್ತದೆ. ಹಳೆಯ ವಿದ್ಯಾರ್ಥಿಗಳ ಎರಡು ಮೂರು ಚಿತ್ರಗಳನ್ನು ಯೂಟ್ಯೂಬಿನಲ್ಲಿ ಹುಡುಕಿ, ಪರದೆಯನ್ನು ನೋಡದೆ ಕಣ್ಣು ಮುಚ್ಚಿ ಕೇಳಬೇಕು. ಮಾತು ಸ್ಪಷ್ಟವಾಗಿ ಕೇಳಿ, ಶಾಟ್ ಬದಲಾದಾಗ ಹಿನ್ನೆಲೆಯ ಸದ್ದು ಕತ್ತರಿಸಿದಂತಾಗದಿದ್ದರೆ ಅಲ್ಲಿ ಕಲಿಸುವವರೊಬ್ಬರಿದ್ದಾರೆ ಎಂದೇ ಅರ್ಥ.

ಸಂಕಲನದ ತಂತ್ರಾಂಶ ಯಾವುದೆಂಬ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ವಿದ್ಯಾರ್ಥಿ ಮಟ್ಟದ ಎಲ್ಲ ಕೆಲಸವೂ ಆಗುತ್ತದೆ. ಲ್ಯಾಬ್ ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ದತ್ತಾಂಶ ಇಡಲು ಜಾಗವಿದೆಯೇ ಎಂಬ ಪ್ರಶ್ನೆಗಳು ಹೆಚ್ಚು ಮುಖ್ಯ. 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ಗಂಟೆಗೆ 45 ಗಿಗಾಬೈಟ್ ಆಗುತ್ತದೆ. ಅದರ ಇನ್ನೊಂದು ಪ್ರತಿ ಇಡುವ ಹಾರ್ಡ್ ಡಿಸ್ಕಿನ ಖರ್ಚು ಪ್ರಾಸ್ಪೆಕ್ಟಸ್ಸಿನ ಯಾವ ಪುಟದಲ್ಲೂ ಇರುವುದಿಲ್ಲ, ಕೊನೆಗೆ ವಿದ್ಯಾರ್ಥಿಯ ಮನೆಯವರೇ ಭರಿಸುತ್ತಾರೆ.

ಚಿತ್ರಕಥೆಗಾಗಿ ಸೇರುವವರು ನೋಡಬೇಕಾದದ್ದು

ಸಂವಹನ ವಿಭಾಗಗಳಲ್ಲಿ ‘ಸ್ಕ್ರಿಪ್ಟ್ ರೈಟಿಂಗ್’ ಎಂಬ ಶೀರ್ಷಿಕೆಯಡಿ ಎರಡು ಬೇರೆ ಬೇರೆ ಕಸುಬುಗಳನ್ನು ಕಲಿಸಲಾಗುತ್ತದೆ. ಒಂದು, ಸಾಕ್ಷ್ಯಚಿತ್ರ, ಜಾಹೀರಾತು ಮತ್ತು ಸುದ್ದಿ ಕಾರ್ಯಕ್ರಮಗಳಿಗೆ ಬಳಸುವ ಎರಡು ಕಾಲಮ್ಮಿನ ಸ್ಕ್ರಿಪ್ಟ್: ಎಡಗಡೆ ಕಾಣುವುದು, ಬಲಗಡೆ ಕೇಳುವುದು. ಇನ್ನೊಂದು, ಕಥಾಚಿತ್ರದ ಚಿತ್ರಕಥೆ: ದೃಶ್ಯದ ಸಂಖ್ಯೆ, ಒಳಾಂಗಣವೋ ಹೊರಾಂಗಣವೋ, ಸ್ಥಳ, ಹೊತ್ತು, ಕ್ರಿಯೆ, ಸಂಭಾಷಣೆ. ಹಲವು ವಿಭಾಗಗಳು ಮೊದಲನೆಯದನ್ನು ಚೆನ್ನಾಗಿ ಕಲಿಸುತ್ತವೆ, ಎರಡನೆಯದನ್ನು ನಮೂನೆ ತೋರಿಸಿ ಮುಗಿಸುತ್ತವೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಯಲ್ಲಿ ‘ಚಿತ್ರಕಥೆಯ ಲಕ್ಷಣಗಳನ್ನು ವಿವರಿಸಿ’ ಎಂದಿದ್ದರೆ ಅದು ನಮೂನೆಯ ಪಾಠ. ‘ಈ ಸನ್ನಿವೇಶಕ್ಕೆ ಮೂರು ನಿಮಿಷದ ದೃಶ್ಯ ಬರೆಯಿರಿ’ ಎಂದಿದ್ದರೆ ಬರೆಯಿಸುವ ಪಾಠ.

ಬರೆಯಿಸುವ ಪಾಠದಲ್ಲಿ ನಡೆಯುವುದು ಇಷ್ಟೇ. ವಿದ್ಯಾರ್ಥಿನಿ ‘ಅವಳಿಗೆ ಅಪ್ಪನ ಮೇಲೆ ತುಂಬ ಸಿಟ್ಟಿತ್ತು’ ಎಂದು ಬರೆದು ತರುತ್ತಾಳೆ. ಕಥೆಗೆ ಅದು ಸಲ್ಲುವ ವಾಕ್ಯ, ಕ್ಯಾಮೆರಾಗೆ ಸಲ್ಲದು. ಅಧ್ಯಾಪಕರು ಅಡಿಗೆರೆ ಎಳೆದು ‘ಇದನ್ನು ಎಲ್ಲಿ ನೋಡಲಿ?’ ಎಂದು ಅಂಚಿನಲ್ಲಿ ಬರೆದು ಕೊಡುತ್ತಾರೆ. ಮುಂದಿನ ವಾರದ ಪ್ರತಿಯಲ್ಲಿ ಆಕೆ ಅಪ್ಪನ ತಟ್ಟೆಗೆ ಅನ್ನ ಬಡಿಸುತ್ತಾಳೆ, ಸಾರಿನ ಪಾತ್ರೆಯನ್ನು ಅವನ ಕೈಗೆ ಎಟುಕದಷ್ಟು ದೂರದಲ್ಲಿಟ್ಟು ಒಳಗೆ ಹೋಗುತ್ತಾಳೆ. ಸಂಭಾಷಣೆ ಒಂದೂ ಇಲ್ಲ. ಒಂದು ಪುಟ ಎರಡು ಸಲ ಹೀಗೆ ಹೋಗಿ ಬರಬೇಕಾದರೆ ಅರವತ್ತು ಜನರ ತರಗತಿಯಲ್ಲಿ ಅಧ್ಯಾಪಕರಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಆದ್ದರಿಂದ ಬರವಣಿಗೆಯ ಪತ್ರಿಕೆಗೆ ತರಗತಿಯನ್ನು ಸಣ್ಣ ಗುಂಪುಗಳಾಗಿ ಒಡೆಯುತ್ತಾರೆಯೇ ಎಂದು ತಪ್ಪದೆ ಕೇಳಬೇಕು.

ಭಾಷೆಯಿಂದ ಹುಟ್ಟುವ ಇನ್ನೊಂದು ತೊಡಕನ್ನು ಇಲ್ಲಿಯೇ ಹೇಳುವುದು ಸೂಕ್ತ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಒಂದು ನಿಮಿಷ ಎಂಬ ಸೂತ್ರವನ್ನು ಎಲ್ಲ ಕಡೆಯೂ ಕಲಿಸುತ್ತಾರೆ. ಆ ಸೂತ್ರ ನಿಂತಿರುವುದು ಇಂಗ್ಲಿಷಿನ 12 ಪಾಯಿಂಟಿನ ಕೊರಿಯರ್ ಅಕ್ಷರಗಳ ಮೇಲೆ. ಕನ್ನಡದ ಫಾಂಟುಗಳ ಅಗಲ, ಒತ್ತಕ್ಷರಗಳಿಂದ ಹೆಚ್ಚುವ ಸಾಲಿನ ಎತ್ತರ, ಸಮಾಸದಲ್ಲಿ ಬೆಳೆಯುವ ಪದಗಳ ಉದ್ದ ಯಾವುದೂ ಆ ಲೆಕ್ಕಕ್ಕೆ ಒಗ್ಗುವುದಿಲ್ಲ. ಕನ್ನಡದಲ್ಲಿ ಬರೆಯುವವರು ದೃಶ್ಯವನ್ನು ಗಟ್ಟಿಯಾಗಿ ಓದಿ, ಮೌನಗಳನ್ನೂ ಸೇರಿಸಿ ಗಡಿಯಾರ ಹಿಡಿದು ಅಳೆಯುವುದನ್ನು ರೂಢಿಸಿಕೊಳ್ಳಬೇಕು. ಹಸ್ತಪ್ರತಿ ಯೂನಿಕೋಡಿನಲ್ಲಿರುವುದೂ ಒಳ್ಳೆಯದು. ಹಳೆಯ ಎನ್‌ಕೋಡಿಂಗಿನಲ್ಲಿ ಟೈಪಿಸಿದ ಸ್ಕ್ರಿಪ್ಟನ್ನು ಇನ್ನೊಬ್ಬರ ಮೊಬೈಲಿನಲ್ಲಿ ತೆರೆದಾಗ ಚಿತ್ರೀಕರಣದ ಬೆಳಿಗ್ಗೆಯೇ ಅದು ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣಬಹುದು.

ಬರವಣಿಗೆಯ ಹಾದಿ ಹಿಡಿದವರಿಗೆ ಸಂವಹನ ಪದವಿಯ ಜೊತೆಗೋ ನಂತರವೋ ಇರುವ ಇನ್ನೊಂದು ಆಯ್ಕೆ ರಂಗಶಿಕ್ಷಣ. ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ 1980ರಲ್ಲಿ ಆರಂಭವಾದದ್ದು. ಅಲ್ಲಿಯ ಡಿಪ್ಲೊಮಾ ಕನ್ನಡದಲ್ಲೇ ನಡೆಯುತ್ತದೆ. ಚಿತ್ರಕಥೆಯನ್ನು ಅಲ್ಲಿ ಕಲಿಸುವುದಿಲ್ಲ. ಆದರೆ ಬಾಯಿಯಲ್ಲಿ ಆಡಿ ನೋಡದ ಸಂಭಾಷಣೆ ಎಷ್ಟು ಬೇಗ ಬೀಳುತ್ತದೆಂಬುದು ರಂಗದ ಮೇಲೆ ನಿಂತವರಿಗೆ ತಿಳಿದಷ್ಟು ತರಗತಿಯಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ.

ಪದವಿಯ ನಂತರ ಎಂದುಕೊಂಡರೆ

ಪುಣೆಯ ಎಫ್‌ಟಿಐಐ (ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ), 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೊದ ಆವರಣದಲ್ಲಿ ಆರಂಭವಾದ ಸಂಸ್ಥೆ. ಕೋಲ್ಕತ್ತದ ಸತ್ಯಜಿತ್ ರೇ ಚಲನಚಿತ್ರ ಸಂಸ್ಥೆ ಬಂದದ್ದು 1995ರಲ್ಲಿ. ಎರಡೂ ಕಡೆ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಮುಂತಾದ ಮುಖ್ಯ ಕೋರ್ಸುಗಳಿಗೆ ಯಾವುದಾದರೊಂದು ಪದವಿ ಆಗಿರಬೇಕು; ಸಂವಹನದ ಪದವಿಯೇ ಆಗಬೇಕೆಂಬ ನಿರ್ಬಂಧವಿಲ್ಲ. ಗಿರೀಶ ಕಾಸರವಳ್ಳಿಯವರು ಫಾರ್ಮಸಿ ಓದಿ ನಂತರ ಪುಣೆಗೆ ಹೋದವರು. ಎಫ್‌ಟಿಐಐನಲ್ಲಿ ಚಿತ್ರಕಥೆಗೇ ಮೀಸಲಾದ ಕೋರ್ಸೂ ಇದೆ, ಅಲ್ಪಾವಧಿಯ ಚಲನಚಿತ್ರ ರಸಗ್ರಹಣ ಶಿಬಿರಗಳೂ ಇವೆ. ಸೀಟುಗಳು ಬಹಳ ಕಡಿಮೆ, ಪ್ರವೇಶ ಪರೀಕ್ಷೆ ಅಖಿಲ ಭಾರತ ಮಟ್ಟದ್ದು. ದೆಹಲಿಯ ಜಾಮಿಯಾ ಮಿಲಿಯಾದ ಮಾಧ್ಯಮ ಸಂಶೋಧನಾ ಕೇಂದ್ರದ ಎಂ.ಎ. ಕೂಡ ನಿರ್ಮಾಣಕ್ಕೆ ಒತ್ತು ಕೊಡುವ ಹಳೆಯ ಕೋರ್ಸು. ರಾಜ್ಯದಲ್ಲೇ ಇರಬೇಕೆನ್ನುವವರಿಗೆ ಮೈಸೂರು, ಬೆಂಗಳೂರು, ಧಾರವಾಡ, ಮಂಗಳಗಂಗೋತ್ರಿ (ಮಂಗಳೂರು ವಿ.ವಿ.) ಮತ್ತು ಶಂಕರಘಟ್ಟದ (ಕುವೆಂಪು ವಿ.ವಿ.) ವಿಶ್ವವಿದ್ಯಾಲಯಗಳಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಗಳಿವೆ. ಇವು ನಿರ್ಮಾಣಕ್ಕಿಂತ ಸಂಶೋಧನೆ ಮತ್ತು ಬೋಧನೆಯ ಕಡೆಗೆ ವಾಲಿದವು. ಮೈಸೂರು ವಿಶ್ವವಿದ್ಯಾಲಯದ ಆವರಣದಲ್ಲಿ ಶೈಕ್ಷಣಿಕ ವಿಡಿಯೊಗಳನ್ನು ತಯಾರಿಸುವ ಇಎಂಎಂಆರ್‌ಸಿ ಕೇಂದ್ರವೂ ಇರುವುದು ಅಲ್ಲಿ ಓದುವವರಿಗೆ ಒಂದು ಹೆಚ್ಚಿನ ಅನುಕೂಲ.

ಈ ದಾರಿ ಕಣ್ಣಮುಂದಿದ್ದರೆ ಪದವಿಯ ಹಂತದಲ್ಲಿ ಸಾಲ ಮಾಡುವ ಅಗತ್ಯ ಎಷ್ಟು ಎಂಬುದನ್ನು ಮನೆಯವರು ಮತ್ತೊಮ್ಮೆ ಯೋಚಿಸಬಹುದು. ನನ್ನನ್ನು ಕೇಳಿದರೆ, ಬರೆಯಬೇಕೆನ್ನುವವರು ಕಡಿಮೆ ಶುಲ್ಕದ ಬಿ.ಎ.ಯಲ್ಲಿ ಐಚ್ಛಿಕ ಕನ್ನಡದ ಜೊತೆ ಪತ್ರಿಕೋದ್ಯಮ ತೆಗೆದುಕೊಂಡು, ಉಳಿದ ಹಣದಲ್ಲಿ ರಸಗ್ರಹಣ ಶಿಬಿರಕ್ಕೋ ರಂಗಶಿಕ್ಷಣಕ್ಕೋ ಹೋಗುವುದು ಲೇಸು ಎನ್ನುತ್ತೇನೆ. ಕ್ಯಾಮೆರಾ ಅಥವಾ ಧ್ವನಿಯೊಂದೇ ಗುರಿಯಾದವರು ಹೆಸರಘಟ್ಟವನ್ನು ಮೊದಲು ನೋಡಲಿ. ನಿರ್ಮಾಣದ ಎಲ್ಲ ವಿಭಾಗಗಳನ್ನೂ ಮುಟ್ಟಿ ನೋಡಿ, ಸುದ್ದಿವಾಹಿನಿಯಲ್ಲೋ ನಿರ್ಮಾಣ ಸಂಸ್ಥೆಯಲ್ಲೋ ಇಪ್ಪತ್ತೊಂದನೆಯ ವಯಸ್ಸಿಗೇ ಕೆಲಸ ಹಿಡಿಯಬೇಕಾದ ಅನಿವಾರ್ಯತೆ ಇರುವವರಿಗೆ ಮಾತ್ರ ಬಿ.ವೋಕ್ ಅಥವಾ ಖಾಸಗಿ ಮಾಧ್ಯಮ ಪದವಿಯ ಹೆಚ್ಚಿನ ಶುಲ್ಕ ಸಮರ್ಥನೀಯ. ಬರವಣಿಗೆಯಲ್ಲಿ ಮೊದಲ ಸಂಬಳ ಸಾಮಾನ್ಯವಾಗಿ ಧಾರಾವಾಹಿಗಳಿಂದ ಬರುತ್ತದೆ; ಅಲ್ಲಿ ಚಿತ್ರಕಥೆ ಒಬ್ಬರದು, ಸಂಭಾಷಣೆ ಇನ್ನೊಬ್ಬರದು, ದಿನಕ್ಕೊಂದು ಕಂತು ಹೊರಹೋಗಲೇಬೇಕು. ಆ ವೇಗಕ್ಕೆ ಒಗ್ಗಿಕೊಳ್ಳುವುದನ್ನು ಯಾವ ಪದವಿಯೂ ಕಲಿಸುವುದಿಲ್ಲವಾದರೂ, ವಾರಕ್ಕೊಂದು ದೃಶ್ಯ ಬರೆಯಿಸಿದ ವಿಭಾಗದಿಂದ ಬಂದವರು ಬೇಗ ಹೊಂದಿಕೊಳ್ಳುತ್ತಾರೆ.

ಕಾಲೇಜಿಗೆ ಭೇಟಿ ಕೊಡುವುದಾದರೆ ಪ್ರವೇಶದ ವಾರವನ್ನು ಆರಿಸಿಕೊಳ್ಳಬಾರದು. ಆಗ ಸ್ಟುಡಿಯೊಗೆ ದೀಪ ಹಾಕಿಟ್ಟಿರುತ್ತಾರೆ. ಅಂತಿಮ ಸೆಮಿಸ್ಟರಿನವರು ಪ್ರಾಜೆಕ್ಟ್ ಒಪ್ಪಿಸುವ ದಿನಗಳಲ್ಲಿ, ಮಧ್ಯಾಹ್ನ ಮೂರು ಗಂಟೆಯ ಮೇಲೆ ಹೋಗಿ ಎಡಿಟಿಂಗ್ ಲ್ಯಾಬಿನಲ್ಲಿ ಕುಳಿತವರನ್ನು ಮಾತನಾಡಿಸಬೇಕು: ಈ ಮೂರು ವರ್ಷಗಳಲ್ಲಿ ನೀವು ಸ್ವತಃ ಎಷ್ಟು ಚಿತ್ರ ಮುಗಿಸಿದಿರಿ, ನಿಮ್ಮ ಸ್ಕ್ರಿಪ್ಟನ್ನು ಕೊನೆಯ ಸಲ ಓದಿ ತಿದ್ದಿದವರು ಯಾರು, ಕ್ಯಾಮೆರಾ ಕೆಟ್ಟಾಗ ಎಷ್ಟು ದಿನಕ್ಕೆ ರಿಪೇರಿಯಾಗಿ ಬಂತು. ಲ್ಯಾಬಿಗೆ ಬೀಗ ಹಾಕಿದ್ದರೆ ಕೇಳಬೇಕಾದ್ದೇನೂ ಉಳಿಯುವುದಿಲ್ಲ.